ಸೋತ ಮರುದಿನ: ನಾಲ್ಕು ಅನಿಮೆ ತಂಡಗಳ ಹೋಲಿಕೆ

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳ ವಾಲಿಬಾಲ್ ತಂಡ ಈ ವರ್ಷ ಹೋಬಳಿ ಮಟ್ಟದ ಮೊದಲ ಪಂದ್ಯದಲ್ಲೇ ಸೋತಿತು. ಕೊನೆಯ ಸರ್ವ್ ಅವಳದು. ಚೆಂಡು ನೆಟ್ಟಿಗೆ ಬಡಿದು ಈಚೆಗೇ ಬಿತ್ತು. ಹೇಳಬಹುದಾದ ಸಮಾಧಾನವನ್ನೆಲ್ಲ ಹೇಳಿ ಮುಗಿಸಿದ ಮೇಲೆ, ದಸರಾ ರಜೆಯಲ್ಲಿ ಇಬ್ಬರೂ ಕುಳಿತು ಶಾಲಾ ಕ್ರೀಡಾ ತಂಡಗಳ ನಾಲ್ಕು ಜಪಾನೀ ಅನಿಮೆ ಸರಣಿಗಳನ್ನು ನೋಡಿದೆವು. ಪೂರ್ತಿಯಾಗಿ ಅಲ್ಲ: ಪ್ರತಿಯೊಂದರಲ್ಲೂ ತಂಡ ಸೋಲುವ ಪಂದ್ಯ ಮತ್ತು ಅದರ ಬೆನ್ನಿಗೆ ಬರುವ ಕಂತುಗಳು ಮಾತ್ರ. ಗೆಲುವನ್ನು ಎಲ್ಲ ಸರಣಿಗಳೂ ಚೆನ್ನಾಗಿಯೇ ತೋರಿಸುತ್ತವೆ. ಸೋತ ಮರುದಿನವನ್ನು ಯಾವುದು ಹೇಗೆ ತೋರಿಸುತ್ತದೆ ಎಂಬುದಷ್ಟೇ ನನ್ನ ಕುತೂಹಲವಾಗಿತ್ತು.

ಮೊದಲು ನೋಡಿದ್ದು 'ಸ್ಲ್ಯಾಮ್ ಡಂಕ್'. ತಕೆಹಿಕೊ ಇನೊವೆ ಅವರ ಮಾಂಗಾವನ್ನು (ಜಪಾನೀ ಚಿತ್ರಕಥೆಯನ್ನು) ಆಧರಿಸಿ ತೋಯಿ ಸಂಸ್ಥೆ 1993ರಿಂದ 1996ರವರೆಗೆ ನಿರ್ಮಿಸಿದ 101 ಕಂತುಗಳ ಸರಣಿ. ಚಿತ್ರಗಳು ಹಳತಾಗಿವೆ, ಒಂದು ಜಿಗಿತಕ್ಕೆ ಅರ್ಧ ನಿಮಿಷ ತೆಗೆದುಕೊಳ್ಳುವುದೂ ಉಂಟು. ಕನಗಾವಾ ಪ್ರಾಂತ್ಯದ ಶೊಹೊಕು ಶಾಲೆಯ ಬಾಸ್ಕೆಟ್‌ಬಾಲ್ ತಂಡ ಬಲಿಷ್ಠ ಕೈನಾನ್ ತಂಡದ ಎದುರು 88–90ರಿಂದ ಸೋಲುತ್ತದೆ. ಕೊನೆಯ ಕ್ಷಣಗಳಲ್ಲಿ, ಆಟಕ್ಕೆ ಹೊಸಬನಾದ ಸಕುರಾಗಿ ಎದುರಾಳಿಯೊಬ್ಬನನ್ನು ತನ್ನ ಕ್ಯಾಪ್ಟನ್ ಎಂದು ಭಾವಿಸಿ ಅವನ ಕೈಗೇ ಚೆಂಡು ಎಸೆಯುತ್ತಾನೆ. ಆ ಬಳಿಕ ಅವನು ತನ್ನ ಕೆಂಪು ಕೂದಲನ್ನು ಬೋಳಿಸಿಕೊಂಡು ಬರುವ ದೃಶ್ಯವೇ ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅವನಿಗೂ ಅದೇ ತಂಡದ ರುಕಾವಾನಿಗೂ ನಡೆಯುವ ಹೊಡೆದಾಟ. ಸೋಲು ತನ್ನ ತಪ್ಪಿನಿಂದ ಆಯಿತೆಂದು ಒಬ್ಬ. ಕೊನೆಯವರೆಗೆ ಆಡುವಷ್ಟು ದಮ್ಮು ತನಗೆ ಉಳಿಯದೆ ಆಯಿತೆಂದು ಇನ್ನೊಬ್ಬ. ತಪ್ಪನ್ನು ಪರರ ಮೇಲೆ ಹೊರಿಸಲು ಜಗಳವಾಡುವವರನ್ನು ಎಲ್ಲೆಡೆ ಕಾಣುತ್ತೇವೆ. ತನ್ನ ಮೇಲೆಯೇ ಹೊತ್ತುಕೊಳ್ಳಲು ಕೈ ಮಿಲಾಯಿಸುವವರನ್ನು ನಾನು ಕಂಡದ್ದು ಇಲ್ಲಿ ಮಾತ್ರ. ಆದರೆ ಇಲ್ಲಿ ದುಃಖ ಬಹಳ ಹೊತ್ತು ನಿಲ್ಲುವುದಿಲ್ಲ. ಪ್ರಾಂತ್ಯದ ಅಂತಿಮ ಸುತ್ತು ನಾಲ್ಕು ತಂಡಗಳ ಲೀಗ್ ಆಗಿರುವುದರಿಂದ, ಮೊದಲ ಎರಡು ಸ್ಥಾನ ಪಡೆದವರಿಗೆ ರಾಷ್ಟ್ರಮಟ್ಟದ ಬಾಗಿಲು ತೆರೆದೇ ಇರುತ್ತದೆ. ಮುಂದಿನ ಪಂದ್ಯ ಎದುರಿಗಿರುವಾಗ ಅಳಲು ಪುರಸೊತ್ತಿರುವುದಿಲ್ಲ.

'ಹೈಕ್ಯೂ' ಮಗಳ ಆಟದ್ದೇ ಕಥೆಯಾದ್ದರಿಂದ ಅದರ ಮೇಲೆ ನಿರೀಕ್ಷೆ ಹೆಚ್ಚಿತ್ತು. 2014ರ ಮೊದಲ ಸೀಸನ್ನಿನ ಕೊನೆಗೆ ಮಿಯಾಗಿ ಪ್ರಾಂತ್ಯದ ಕರಾಸುನೊ ಶಾಲೆ ಅಓಬಾ ಜೊಸಾಯ್ ತಂಡಕ್ಕೆ ಮಣಿಯುತ್ತದೆ. ನಿರ್ಣಾಯಕ ಸೆಟ್ 31–33ರವರೆಗೆ ಎಳೆಯುತ್ತದೆ. ಕರಾಸುನೊದ ಹಿನಾಟಾನ ಹೊಡೆತಕ್ಕೆ ಎದುರಾಳಿಗಳಲ್ಲಿ ಮೂವರು ಗೋಡೆಯಂತೆ ಎದ್ದು ನಿಂತು ಚೆಂಡನ್ನು ಅವನ ಬೆನ್ನ ಹಿಂದೆ ಕೆಡವುತ್ತಾರೆ. ಅನಂತರ ಕೋಚ್ ಉಕಾಯ್ ಉಪದೇಶಕ್ಕೆ ಕೂರದೆ ಹುಡುಗರನ್ನೆಲ್ಲ ಊಟಕ್ಕೆ ಕರೆದೊಯ್ಯುತ್ತಾನೆ. ದಣಿದ ಸ್ನಾಯುಗಳಿಗೆ ಅನ್ನ ಬೇಕು, ತಿನ್ನಿ ಎಂಬುದಷ್ಟೇ ಅವನ ಮಾತಿನ ಸಾರ. ಅವರು ಬಾಯಿಗೆ ತುತ್ತಿಟ್ಟುಕೊಳ್ಳುತ್ತಲೇ ಅಳುತ್ತಾರೆ, ಅಳುತ್ತಲೇ ಅಗಿಯುತ್ತಾರೆ. ಸೋಲಿನ ಮೊದಲ ಎರಡು ತಾಸುಗಳನ್ನು ಇಷ್ಟು ನಿಜವಾಗಿ ಬೇರೆ ಯಾವ ಸರಣಿಯೂ ಹಿಡಿದಿಲ್ಲ. ಇದೇ ಸೀಸನ್ನಿನಲ್ಲಿ, ಕರಾಸುನೊಗೆ ಸೋತು ಮನೆಗೆ ಹೋಗುವ ಸಾಧಾರಣ ತಂಡದ ಹುಡುಗರಿಗೂ ಸಮಯ ಕೊಟ್ಟಿರುವುದು ಅದರ ದೊಡ್ಡತನ. ನನಗೆ ಹಿಡಿಸದಿದ್ದುದು ಮರುದಿನದ ಭಾಗ: ತಕೆದಾ ಮೇಷ್ಟ್ರ ಸಂಭಾವಿತ ಭಾಷಣವೊಂದು ಬರುತ್ತದೆ, ಸೋಲೆಂದರೆ ದೌರ್ಬಲ್ಯಕ್ಕೆ ಸಾಕ್ಷಿಯೇ ಎಂಬ ಧಾಟಿಯದು. ಮಾತು ಸರಿಯಾದದ್ದೇ, ಆದರೆ ಆ ಊಟದ ನಂತರ ಅದರ ಅಗತ್ಯವಿರಲಿಲ್ಲ. ಮಗಳು ಆ ಹೊತ್ತಿಗೆ ಫೋನು ತೆಗೆದುಕೊಂಡಳು.

ಮೂರನೆಯದಾದ 'ಏಸ್ ಆಫ್ ಡೈಮಂಡ್' ಬೇಸ್‌ಬಾಲ್ ಕಥೆ, 2013ರಲ್ಲಿ ಆರಂಭವಾದದ್ದು. ನಿಯಮಗಳನ್ನು ಅರಿಯದವರಿಗೆ ಮೊದಮೊದಲು ಕಷ್ಟವಾಗುತ್ತದೆ. ಸೋಲಿನ ಆಳದ ವಿಷಯದಲ್ಲಿ ಮಾತ್ರ ನಾನು ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಸೇಯ್ದೊ ಶಾಲೆ ಪಶ್ಚಿಮ ಟೋಕಿಯೊದ ಫೈನಲ್‌ನಲ್ಲಿ ಗೆಲುವಿನ ಹೊಸ್ತಿಲಲ್ಲಿರುವಾಗ, ಮೂರು ವರ್ಷಗಳ ಹೈಸ್ಕೂಲಿನ ಮೊದಲ ವರ್ಷದಲ್ಲಿರುವ ಪಿಚರ್ ಸವಾಮುರಾ ಎಸೆದ ಚೆಂಡು ಎದುರಾಳಿ ಬ್ಯಾಟರ್‌ನ ತಲೆಗೆ ಬಡಿಯುತ್ತದೆ. ಅಲ್ಲಿಂದ ಪಂದ್ಯ ಕೈಜಾರುತ್ತದೆ. ಕೋಶಿಯನ್ ಎಂಬ ರಾಷ್ಟ್ರಮಟ್ಟದ ಶಾಲಾ ಬೇಸ್‌ಬಾಲ್ ಪಂದ್ಯಾವಳಿಯ ಬೇಸಿಗೆಯ ಅರ್ಹತಾ ಸುತ್ತಿನಲ್ಲಿ ಒಮ್ಮೆ ಸೋತರೆ ಅಲ್ಲಿಗೆ ಮುಗಿಯಿತು, ಮತ್ತು ಮೂರನೇ ವರ್ಷದ ಹುಡುಗರಿಗೆ ಅದು ಶಾಲಾ ಬೇಸ್‌ಬಾಲಿನ ಕೊನೆಯೇ ಆಗಿರುತ್ತದೆ. ಕರಾಸುನೊದ ಹಿರಿಯರಿಗೆ ವಸಂತದ ಪಂದ್ಯಾವಳಿಗಾಗಿ ತಂಡದಲ್ಲೇ ಉಳಿಯುವ ಆಯ್ಕೆಯಿತ್ತು. ಇವರಿಗೆ ಅದೂ ಇಲ್ಲ. ಆದ್ದರಿಂದ ದುಃಖ ಒಂದು ಊಟದಲ್ಲಾಗಲಿ ಒಂದು ಹೊಡೆದಾಟದಲ್ಲಾಗಲಿ ಕರಗದೆ, ಕಂತಿನಿಂದ ಕಂತಿಗೆ ಹರಿಯುತ್ತದೆ. ಹಿರಿಯರು ತೆರವು ಮಾಡಿದ ಜಾಗದಲ್ಲಿ ಹೊಸ ತಂಡ ತಡವರಿಸುತ್ತದೆ. ಸವಾಮುರಾನ ಕೈ, ಅವನ ಮನಸ್ಸು ಬಯಸಿದರೂ, ಬ್ಯಾಟರ್‌ನ ಮೈಯ ಹತ್ತಿರಕ್ಕೆ ಚೆಂಡೆಸೆಯಲು ಒಪ್ಪುವುದೇ ಇಲ್ಲ. ಬೇಸ್‌ಬಾಲಿನವರು ಇದನ್ನು ಯಿಪ್ಸ್ ಎನ್ನುತ್ತಾರೆ. ಅವನನ್ನು ಮೇಲೆತ್ತುವುದು ಹುರಿದುಂಬಿಸುವ ಮಾತಲ್ಲ. ಹತ್ತಿರಕ್ಕೆ ಎಸೆಯಲಾಗದಿದ್ದರೆ ಸದ್ಯಕ್ಕೆ ಹೊರಗಿನ ಕೆಳಮೂಲೆಗೆ ಎಸೆಯುವುದನ್ನು ಕರಗತ ಮಾಡಿಕೋ ಎಂಬ ಹಿರಿಯ ಕ್ಯಾಚರ್ ಕ್ರಿಸ್‌ನ ದಾರಿ. ನಿಧಾನವೆಂದು ಮಗಳು ಗೊಣಗಿದಳು, ನಿಜವಾಗಿಯೂ ನಿಧಾನವೇ.

'ಓಕಿಕು ಫುರಿಕಾಬುತ್ತೆ'ಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಸೈತಾಮಾ ಪ್ರಾಂತ್ಯದ ನಿಶಿಯುರಾ ಶಾಲೆಯದು ಎಲ್ಲರೂ ಮೊದಲ ವರ್ಷದವರೇ ಇರುವ ಬೇಸ್‌ಬಾಲ್ ತಂಡ. ಸೋತರೂ ಮುಂದೆ ಎರಡು ಬೇಸಿಗೆಗಳು ಉಳಿದಿರುವುದರಿಂದ ಸೋಲಿನ ಭಾರ ಕಡಿಮೆ. ಆದರೆ ಕುಗ್ಗಿದ ಮನಸ್ಸನ್ನು ಇದು ಮೈಯ ಸಂಗತಿಯಾಗಿ ನೋಡುವ ರೀತಿ ಹೊಸದು. ಹೆದರಿದಾಗ ಅಂಗೈ ತಣ್ಣಗಾಗುತ್ತದೆ, ಆದ್ದರಿಂದ ಹುಡುಗರು ವೃತ್ತಾಕಾರವಾಗಿ ಕುಳಿತು, ಪರಸ್ಪರ ಕೈ ಹಿಡಿದು, ಕಣ್ಣು ಮುಚ್ಚಿ ಧ್ಯಾನ ಮಾಡುತ್ತಾರೆ. ಮಿಹಾಶಿ ಎಂಬ ಅಳುಬುರುಕ ಪಿಚರ್‌ನ ತಣ್ಣನೆಯ ಕೈಯನ್ನು ಕ್ಯಾಚರ್ ಅಬೆ ಹಿಡಿದುಕೊಳ್ಳುವ ದೃಶ್ಯ ಬಂದಾಗ ಮಗಳು ತನ್ನ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು.

ನನ್ನ ಲೆಕ್ಕದಲ್ಲಿ 'ಏಸ್ ಆಫ್ ಡೈಮಂಡ್' ಮುಂದೆ, ಕೂದಲೆಳೆಯಷ್ಟು ಹಿಂದೆ 'ಹೈಕ್ಯೂ'ವಿನ ಆ ಊಟ. ಆದರೆ ರಜೆ ಮುಗಿಯುವ ಹಿಂದಿನ ದಿನ ಅವಳು ತಾನಾಗಿಯೇ ಮತ್ತೆ ಹಾಕಿಕೊಂಡು ನೋಡುತ್ತಿದ್ದುದು, ಚಿತ್ರ ಚೆನ್ನಾಗಿಲ್ಲವೆಂದು ಮೊದಲ ದಿನ ಮೂಗು ಮುರಿದಿದ್ದ 'ಸ್ಲ್ಯಾಮ್ ಡಂಕ್'ನ ಹೊಡೆದಾಟದ ಕಂತನ್ನು. ಇದನ್ನೇ ಏಕೆ ಎಂದು ಕೇಳಿದೆ. "ನಮ್ ಟೀಮಲ್ಲಿ ಯಾರೂ ನನ್ನ ಹತ್ರ ಹೀಗೆ ಜಗಳಕ್ಕೆ ಬರ್ಲಿಲ್ಲಪ್ಪ" ಎಂದಳು.