ರೇಸಿಂಗ್ ಲಾನ್ ಮೋವರ್‌ಗೆ ಬ್ರಿಗ್ಸ್ 500 ಸಿಸಿ ಎಂಜಿನ್: ಕೆಲವು ಸೀಸನ್ ಓಡಿಸಿದವನ ವಿಮರ್ಶೆ

ಹುಲ್ಲು ಕತ್ತರಿಸುವ ಮೋವರನ್ನು ರೇಸಿಗೆ ಕಟ್ಟಲು ಹೊರಟವರು ಮೊದಲು ಕೇಳುವುದು "ಎಷ್ಟು ಹಾರ್ಸ್‌ಪವರ್?" ಅಂತ. ಅದನ್ನು ಕೊನೆಗೆ ಕೇಳಿ. ಮೊದಲು ಎಂಜಿನ್ನಿನ ಶಾಫ್ಟ್, ಅಂದರೆ ಅದು ತಿರುಗಿಸುವ ದಂಡ, ನೆಟ್ಟಗೆ ನಿಂತಿದೆಯೋ, ಅಡ್ಡ ಮಲಗಿದೆಯೋ ನೋಡಿ. ಆಮೇಲೆ ನೀವು ಓಡಬೇಕೆಂದಿರುವ ಕ್ಲಾಸಿನ (ರೇಸ್ ವಿಭಾಗದ) ನಿಯಮ ಓದಿ. ಇವೆರಡು ಗೊತ್ತಾದರೆ ಅರ್ಧಕ್ಕರ್ಧ ಎಂಜಿನ್‌ಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಓಡಿಸುತ್ತಿರುವುದು ಬ್ರಿಗ್ಸ್ ಆಂಡ್ ಸ್ಟ್ರಾಟನ್ ಕಂಪನಿಯ ಒಂಟಿ ಸಿಲಿಂಡರಿನ ಓಹೆಚ್‌ವಿ (ವಾಲ್ವ್‌ಗಳು ಸಿಲಿಂಡರಿನ ತಲೆಯಲ್ಲಿರುವ) ಎಂಜಿನ್. ಸುಮಾರು 500 ಸಿಸಿ, 17.5 ಹಾರ್ಸ್‌ಪವರ್, ನಿಂತ ಶಾಫ್ಟ್. ಇಲ್ಲಿ ಕೂತು ಓಡಿಸುವ ಹುಲ್ಲಿನ ಮೋವರ್‌ಗಳಲ್ಲಿ ತುಂಬಾ ಕಾಣಸಿಗುವ ಎಂಜಿನ್ ಇದು. ಹಳೇ ಮೋವರ್ ಜೊತೆಗೇ ಬಂತು, ಅದನ್ನೇ ಉಳಿಸಿಕೊಂಡೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೋವರಿನ ಬ್ಲೇಡ್ ಬಿಚ್ಚಿ ಹಾಕಿ, ಚಾಸಿ ತಗ್ಗಿಸಿ, ಮಣ್ಣಿನ ಟ್ರ್ಯಾಕ್ ಮೇಲೆ ಓಡಿಸುವುದು. ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿರುವ ವಿಸ್ಬರೋ ಗ್ರೀನ್ ಎಂಬ ಹಳ್ಳಿಯಲ್ಲಿ 1973ರಲ್ಲಿ ಶುರುವಾಯಿತು. ದುಡ್ಡಿಲ್ಲದೆ ಮೋಟಾರ್ ರೇಸ್ ಮಾಡುವುದು ಹೇಗೆ ಅನ್ನುವುದೇ ಅವರ ತಲೆಯಲ್ಲಿದ್ದದ್ದು. ಅಲ್ಲಿನ ಸಂಘ ಇವತ್ತಿಗೂ ಪ್ರಾಯೋಜಕರು ಬೇಡ, ನಗದು ಬಹುಮಾನ ಬೇಡ, ಎಂಜಿನ್ನನ್ನು ಮಾರ್ಪಡಿಸಬೇಡ ಅನ್ನುತ್ತದೆ. ಅಮೆರಿಕದ ಸಂಘ ಹುಟ್ಟಿದ್ದು 1992ರ ಏಪ್ರಿಲ್ 1ರಂದು, ಅದೂ ಪೆಟ್ರೋಲ್ ಕೆಡದಂತೆ ಹಾಕುವ ದ್ರವ ಮಾರುವ ಕಂಪನಿಯ ಪ್ರಚಾರಕ್ಕಾಗಿ. ತಮಾಷೆಗೆ ಅಂತ ಆರಂಭಿಸಿದ್ದು, ನಿಂತೇ ಇಲ್ಲ. ಇಲ್ಲಿ ಕಂಪನಿಯಿಂದ ಬಂದ ಹಾಗೇ ಓಡುವ ಸ್ಟಾಕ್ ಕ್ಲಾಸಿನಿಂದ ಹಿಡಿದು, ಹೆಸರಿಗೆ ಮಾತ್ರ ಮೋವರ್ ಅನ್ನಿಸುವ ಗಾಡಿಗಳ ಕ್ಲಾಸಿನವರೆಗೂ ಇದೆ.

ಈಗ ಶಾಫ್ಟ್ ವಿಷಯ. ಊರಲ್ಲಿ ಹೊಳೆಯಿಂದ ನೀರೆತ್ತುವ ಸಣ್ಣ ಪೆಟ್ರೋಲ್ ಪಂಪ್ ನೋಡಿರುತ್ತೀರಿ ಅಲ್ವಾ? ಅದರ ಶಾಫ್ಟ್ ಪಕ್ಕಕ್ಕೆ ಚಾಚಿರುತ್ತದೆ. ಮೋವರಿನ ಬ್ಲೇಡ್ ನೆಲಕ್ಕೆ ಸಮನಾಗಿ ತಿರುಗಬೇಕು, ಹಾಗಾಗಿ ಅದರ ಎಂಜಿನ್ನಿನ ಶಾಫ್ಟ್ ಕೆಳಮುಖವಾಗಿರುತ್ತದೆ. ಅದರ ತುದಿಗೆ ಪುಲ್ಲಿ, ಪುಲ್ಲಿಯಿಂದ ಹಿಂದಿನ ಗೇರ್‌ಬಾಕ್ಸಿಗೆ ಬೆಲ್ಟ್. ನಿಂತ ಶಾಫ್ಟಿನ ತಿರುಗುವಿಕೆಯನ್ನು ಚಕ್ರದ ಅಡ್ಡ ಆಕ್ಸಲ್ಲಿನ ತಿರುಗುವಿಕೆಗೆ ಬದಲಿಸುವ ಕೆಲಸ ಗೇರ್‌ಬಾಕ್ಸಿನದು. ಇಷ್ಟೂ ನಿಮ್ಮ ಹಳೇ ಮೋವರಿನಲ್ಲಿ ಆಗಲೇ ಇದೆ. ಮಲಗಿದ ಶಾಫ್ಟಿನ ಎಂಜಿನ್ ತಂದರೆ ಹೊಸ ಮೌಂಟ್, ಸುತ್ತು ಏರಿದಾಗ ತಾನೇ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್, ಚೈನ್, ಸ್ಪ್ರಾಕೆಟ್, ಗೋ-ಕಾರ್ಟಿನ ಆಕ್ಸಲ್ ಎಲ್ಲ ಬೇಕು. ವೆಲ್ಡಿಂಗ್ ಕೈಗೆ ಒಗ್ಗಿದವರಿಗೆ ಅದು ಸಲೀಸು, ಹಗುರವೂ ಹೌದು. ಆದರೆ ಎಷ್ಟೋ ಕಡೆ ಸ್ಟಾಕ್ ಕ್ಲಾಸಿನಲ್ಲಿ ಅದಕ್ಕೆ ಜಾಗವಿಲ್ಲ.

ಮಲಗಿದ ಶಾಫ್ಟಿನ ಗುಂಪಿನಲ್ಲಿ ಎಲ್ಲರೂ ಹೇಳುವ ಹೆಸರು ಪ್ರಿಡೇಟರ್ 212. ಹೋಂಡಾ ಜಿಎಕ್ಸ್200 ನೋಡಿ ಮಾಡಿದ್ದು. 212 ಸಿಸಿ, ಮುಕ್ಕಾಲು ಇಂಚಿನ ಶಾಫ್ಟ್. ಬಿಡಿಭಾಗ ಹೇರಳ, ಬೆಲೆಯೂ ಕಡಿಮೆ. ಗೆಳೆಯನೊಬ್ಬನ ಹತ್ತಿರ ಇದೆ, ಓಡಿಸಿ ನೋಡಿದ್ದೇನೆ. ಅದು ಸುತ್ತು ಏರಿಸಿಕೊಂಡು ಕುಣಿಯುವ ಎಂಜಿನ್. ನನ್ನದು ಕೆಳಗಿನಿಂದಲೇ ದಬ್ಬುವ ಎಂಜಿನ್. ಸಣ್ಣ ಮಣ್ಣಿನ ಟ್ರ್ಯಾಕಿನಲ್ಲಿ ತಿರುವು ಮುಗಿದ ಕೂಡಲೇ ಸಿಗುವ ಎಳೆತವೇ ಮುಖ್ಯ. ಹಸಿ ಮಣ್ಣಿದ್ದರಂತೂ ನನ್ನ ಆಯ್ಕೆ ದೊಡ್ಡ ಒಂಟಿ ಸಿಲಿಂಡರೇ.

ಸುತ್ತಿನ ವಿಷಯದಲ್ಲಿ ಒಂದು ಲೆಕ್ಕ ಹಾಕಿ ನೋಡಿ. 500 ಸಿಸಿ ಬ್ರಿಗ್ಸ್‌ನ ಸ್ಟ್ರೋಕ್ (ಪಿಸ್ಟನ್ ಒಂದು ಸಲಕ್ಕೆ ಸಾಗುವ ದೂರ) ಸುಮಾರು 78 ಮಿಮೀ, 212ರದ್ದು ಸುಮಾರು 55. ನಿಮಿಷಕ್ಕೆ 6000 ಸುತ್ತಿನಲ್ಲಿ ಬ್ರಿಗ್ಸ್ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 15.5 ಮೀಟರ್. 212ರದ್ದು ಅದೇ ಸುತ್ತಿನಲ್ಲಿ 11 ಮಾತ್ರ. ಉದ್ದ ಸ್ಟ್ರೋಕಿನ ಎಂಜಿನ್ನನ್ನು ಸುತ್ತು ಏರಿಸಿ ಗೆಲ್ಲಿಸುತ್ತೇನೆ ಅಂದರೆ ಅದರ ಸ್ವಭಾವಕ್ಕೇ ವಿರುದ್ಧ.

ಇಲ್ಲಿಯೇ ಗವರ್ನರ್, ಅಂದರೆ ಸುತ್ತು ಮಿತಿ ಮೀರದಂತೆ ತಡೆಯುವ ಭಾಗದ ಮಾತು ಬರುತ್ತದೆ. ಈ ಎಂಜಿನ್‌ಗಳನ್ನು ಕಾರ್ಖಾನೆಯಲ್ಲೇ ಸುಮಾರು 3600 ಸುತ್ತಿಗೆ ಕಟ್ಟಿಹಾಕಿರುತ್ತಾರೆ. ಅಮೆರಿಕದ ಸುರಕ್ಷತಾ ಮಾನದಂಡದಲ್ಲಿ ಬ್ಲೇಡಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿ ದಾಟುವಂತಿಲ್ಲ, ಮೋವರಿನ ಸುತ್ತಿಗೆ ಮಿತಿ ಹಾಕಲು ಅದೂ ಒಂದು ಕಾರಣ. ಬ್ಲೇಡ್ ಇಲ್ಲವಲ್ಲ, ಗವರ್ನರ್ ಕಿತ್ತರೇನು ಅಂತ ಎಲ್ಲರಿಗೂ ಅನ್ನಿಸುತ್ತದೆ. ದಯವಿಟ್ಟು ಸುಮ್ನೆ ಕೀಳಬೇಡಿ. ಸುತ್ತು ಎರಡರಷ್ಟಾದರೆ ಎಂಜಿನ್ ಶಾಫ್ಟಿನ ಜೊತೆ ತಿರುಗುವ ಭಾರದ ಚಕ್ರ, ಫ್ಲೈವೀಲನ್ನು ಸಿಡಿಸಲು ನೋಡುವ ಬಲ ನಾಲ್ಕರಷ್ಟಾಗುತ್ತದೆ. ಎರಕದ ಫ್ಲೈವೀಲ್ ಅಷ್ಟಕ್ಕೆ ಮಾಡಿದ್ದಲ್ಲ. ಅದು ಒಡೆದರೆ ಮೇಲಿನ ತಗಡಿನ ಕವರ್ ತಡೆಯುವುದಿಲ್ಲ, ಮತ್ತು ನೀವು ಕೂತಿರುವುದು ಅದರ ಹಿಂದೆಯೇ. ಕನೆಕ್ಟಿಂಗ್ ರಾಡ್ ಕೂಡ ಅಲ್ಯೂಮಿನಿಯಂ. ಗವರ್ನರ್ ತೆಗೆಯಲು ಬಿಡುವ ಕ್ಲಾಸಿನಲ್ಲಿ ಓಡುವುದಾದರೆ ಬಿಲೆಟ್ (ಗಟ್ಟಿ ಲೋಹದ ತುಂಡಿನಿಂದ ಕಡೆದ) ಫ್ಲೈವೀಲ್, ಬಿಲೆಟ್ ರಾಡ್ ಹಾಕಿ, ಆಮೇಲೆ ಮುಂದಿನ ಮಾತು. ಇವೆರಡಕ್ಕೆ ಆಗುವ ಖರ್ಚು ಎಷ್ಟೋ ಸಲ ಹಳೇ ಮೋವರಿನ ಬೆಲೆಯನ್ನೇ ದಾಟುತ್ತದೆ.

ನಾನು ಗವರ್ನರ್ ಮುಟ್ಟಲಿಲ್ಲ, ವೇಗ ತಂದದ್ದು ಪುಲ್ಲಿಯಿಂದ. ಎಂಜಿನ್ ಕಡೆ ದೊಡ್ಡ ಪುಲ್ಲಿ, ಗೇರ್‌ಬಾಕ್ಸ್ ಕಡೆ ಚಿಕ್ಕದು. ಒಟ್ಟು ಅನುಪಾತ 6ಕ್ಕೆ 1 ಇದ್ದು, ಹಿಂದಿನ ಟೈರ್ 16 ಇಂಚು ಇದ್ದರೆ, 3600 ಸುತ್ತಿಗೇ ಗಂಟೆಗೆ ಸುಮಾರು 46 ಕಿಮೀ ಬರುತ್ತದೆ. ಹುಲ್ಲು ಕತ್ತರಿಸುವಾಗ ಇದೇ ಗಾಡಿ ಗಂಟೆಗೆ 8-9 ಕಿಮೀ ಹೋಗುತ್ತಿತ್ತು. ಸ್ಪ್ರಿಂಗ್ ಇಲ್ಲದ, ನೆಲಕ್ಕೆ ಹತ್ತಿರವಿರುವ ಸೀಟಿನಲ್ಲಿ ಕೂತು 46 ನೋಡಿ, ಇನ್ನೂ ಬೇಕಾ ಅಂತ ಆಮೇಲೆ ಹೇಳಿ. ಹೈಡ್ರೋಸ್ಟ್ಯಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ) ಗೇರ್ ಇರುವ ಮೋವರ್ ಮಾತ್ರ ತರಬೇಡಿ. ಕೈಯಲ್ಲಿ ಗೇರ್ ಹಾಕುವುದೇ ಇರಲಿ.

ಇಷ್ಟು ದಿನದ ಬಳಕೆಯಲ್ಲಿ ಎಂಜಿನ್ನಿನ ಬಗ್ಗೆ ನನ್ನ ದೂರು ಕಡಿಮೆ. ತಲೆನೋವು ಕೊಟ್ಟದ್ದು ಸುತ್ತಮುತ್ತಲಿನದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ ಬೆಲ್ಟ್ ಒಂದೇ ಸಂಜೆಗೆ ಕರಗಿ ವಾಸನೆ ಹೊಡೆಯಿತು. ಮಾರಿದವನು ದುಡ್ಡು ವಾಪಸ್ ಕೊಡಲಿಲ್ಲ, "ರೇಸಿಗೆ ಅಂತ ಬರೆದಿಲ್ಲ" ಅಂದ. ಕೆವ್ಲಾರ್ ಎಂಬ ಗಟ್ಟಿ ನಾರಿನ ಬೆಲ್ಟಿಗೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಎಣ್ಣೆ ಸುಮಾರು 1.4 ಲೀಟರ್ ಹಿಡಿಯುತ್ತದೆ. ಟ್ರ್ಯಾಕಿನಲ್ಲಿ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಎಣ್ಣೆ ಬಲಗಡೆಗೆ ನುಗ್ಗುತ್ತದೆ. ಆ ಭಯಕ್ಕೆ ಕೆಲವರು ಒಂದಿಷ್ಟು ಹೆಚ್ಚೇ ಹಾಕುತ್ತಾರೆ. ಹೆಚ್ಚಾದರೆ ಅದು ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ದಾರಿಯಿಂದ ಕಾರ್ಬ್ಯುರೇಟರಿಗೆ ಹೋಗಿ ನೀಲಿ ಹೊಗೆ ಎಬ್ಬಿಸುತ್ತದೆ. ಡಿಪ್‌ಸ್ಟಿಕ್ಕಿನ ಗೆರೆಗೆ ಸರಿಯಾಗಿ ಹಾಕಿ, ಬೇಗ ಬೇಗ ಬದಲಿಸಿ. ಪೆಟ್ರೋಲಿಗೂ ಇದೇ ಕಾಟ. ಉದ್ದ ತಿರುವಿನಲ್ಲಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಒಂದು ಕಡೆ ಒಣಗಿ ಎಂಜಿನ್ ಒಂದು ಕ್ಷಣ ಬಿಕ್ಕಳಿಸುತ್ತದೆ.

ಕಾರ್ಬ್ಯುರೇಟರಿನ ಕೆಳಗೆ ಒಂದು ಸಣ್ಣ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ಕವಾಟ) ಇರುತ್ತದೆ. ಎಂಜಿನ್ ಆರಿಸಿದಾಗ ಪೆಟ್ರೋಲ್ ಹರಿಯುವುದನ್ನು ಅದು ತಡೆಯುತ್ತದೆ, ತೆರೆದಿರಲು 12 ವೋಲ್ಟ್ ಬೇಕು. ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿಯೇ ಬೇಡ, ಹಾಗಾಗಿ ಬ್ಯಾಟರಿ ಇಲ್ಲದೆಯೂ ಓಡುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಕುಲುಕಾಟಕ್ಕೆ ಆ ಸೊಲೆನಾಯ್ಡ್ ವೈರ್ ಸಡಿಲವಾದರೆ ಚೆನ್ನಾಗಿ ಓಡುತ್ತಿದ್ದ ಗಾಡಿ ಧಿಡೀರನೆ ನಿಲ್ಲುತ್ತದೆ. ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಆ ವೈರ್ ನೋಡಿ. ಇನ್ನು ಸವಾರನ ಮೈಗೆ ಕಟ್ಟುವ ಕಿಲ್ ಸ್ವಿಚ್. ಬಿದ್ದರೆ ದಾರ ಕಿತ್ತು ಮ್ಯಾಗ್ನೆಟೋ ಗ್ರೌಂಡ್ ಆಗಿ ಎಂಜಿನ್ ಸಾಯುತ್ತದೆ. ಪ್ರತಿ ರೇಸಿಗೆ ಮುಂಚೆ ದಾರ ಎಳೆದು ಪರೀಕ್ಷಿಸಿ.

ಎರಡು ಸಿಲಿಂಡರಿನ ವಿ-ಟ್ವಿನ್ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು, ಶಬ್ದವೂ ಚೆಂದ. ಆದರೆ ಮುಂಭಾಗ ಭಾರವಾಗಿ ತಿರುವಿನಲ್ಲಿ ಗಾಡಿ ನೆಟ್ಟಗೆ ಹೋಗಲು ನೋಡುತ್ತದೆ. ಬೈಕ್ ಎಂಜಿನ್ ಆಸೆ ಇದ್ದವರಿಗೆ ಹೋಂಡಾ ದಾರಿ ತೋರಿಸಿದೆ. 2014ರಲ್ಲಿ ಅವರ 'ಮೀನ್ ಮೋವರ್' ಎಂಬ ಹೆಸರಿನ ಗಾಡಿ ಸ್ಪೇನಿನಲ್ಲಿ ಗಂಟೆಗೆ 187 ಕಿಮೀ ದಾಟಿತು, ಅದರಲ್ಲಿದ್ದದ್ದು 1000 ಸಿಸಿ ಬೈಕಿನ ಎಂಜಿನ್. ನೋಡಲು ಖುಷಿ, ನಮ್ಮ ಟ್ರ್ಯಾಕಿಗೆ ಉಪಯೋಗವಿಲ್ಲ.

ಹಳೇ ಎಂಜಿನ್ ಕೊಳ್ಳುವುದಾದರೆ ಚಳಿ ಶುರುವಾಗುವ ಮುಂಚೆ ಹುಡುಕಿ. ಹುಲ್ಲು ಬೆಳೆಯುವುದು ನಿಂತಾಗ ಜನ ಗ್ಯಾರೇಜ್ ಖಾಲಿ ಮಾಡುತ್ತಾರೆ. ಸ್ಟಾರ್ಟರ್ ಅರ್ಧ ಸುತ್ತು ಎಳೆದು ನಿಲ್ಲುತ್ತಿದ್ದರೆ ಮಾರುವವರು "ಬ್ಯಾಟರಿ ವೀಕು" ಅನ್ನುತ್ತಾರೆ. ಒಮ್ಮೊಮ್ಮೆ ನಿಜವೂ ಇರಬಹುದು. ಆದರೆ ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಜಾಸ್ತಿಯಾದರೂ ಹೀಗೇ ಆಗುತ್ತದೆ. ಸ್ಟಾರ್ಟ್ ಮಾಡುವಾಗ ಒತ್ತಡ ಇಳಿಸುವ ವ್ಯವಸ್ಥೆ ಆಗ ವಾಲ್ವನ್ನು ಸಾಕಷ್ಟು ಎತ್ತುವುದಿಲ್ಲ. ಮೇಲಿನ ಕವರ್ ಬಿಚ್ಚಿ ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಾಕಿ, ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ತಂದರೆ ಅದೇ ಬ್ಯಾಟರಿಯಲ್ಲಿ ಸರಾಗವಾಗಿ ತಿರುಗಬಹುದು. ಗೇಜ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಚೌಕಾಸಿ ಮುಗಿಯುವವರೆಗೂ ಹೊರಗೆ ತೆಗೆಯಬೇಡಿ.