ಹಳೆ ಕಾರಿಗೆ ಟೋ ಪ್ಲೇಟ್, ಕ್ಯಾಂಬರ್ ಗೇಜ್: ಬಹಳ ದಿನ ಬಳಸಿದ ಮೇಲೆ

ಎರಡು ಟೋ ಪ್ಲೇಟ್, ಎರಡು ಟೇಪು, ಮ್ಯಾಗ್ನೆಟ್ ಇರುವ ಒಂದು ಕ್ಯಾಂಬರ್-ಕ್ಯಾಸ್ಟರ್ ಗೇಜ್. ಚಕ್ರಗಳ ಜೋಡಣೆ ಅಳೆಯುವ ಈ ಸೆಟ್‌ನಲ್ಲಿ ಬರುವುದು ಇಷ್ಟೇ. ಟೋ ಎಂದರೆ ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವುದು, ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ಓರೆ, ಕ್ಯಾಸ್ಟರ್ ಎಂದರೆ ಚಕ್ರ ಎಡ ಬಲಕ್ಕೆ ತಿರುಗುವ ಅಚ್ಚು ಬದಿಯಿಂದ ನೋಡಿದಾಗ ವಾಲಿರುವ ಕೋನ. ಕಿಂಗ್‌ಪಿನ್ (ಮುಂದಿನ ಚಕ್ರ ಎಡ ಬಲಕ್ಕೆ ತಿರುಗುವ ಅಚ್ಚಿನ ಪಿನ್) ಇರುವ ನನ್ನ ಹಳೆ ಕಾರಿಗೆ ಇದನ್ನೇ ಬಳಸುತ್ತಾ ಬಂದಿದ್ದೇನೆ. ಪ್ಲೇಟ್‌ಗಳಿಗೆ ಪೂರ್ತಿ ಅಂಕ, ಗೇಜ್‌ಗೆ ಅರ್ಧ.

ಪ್ಲೇಟ್‌ಗಳನ್ನು ಟೈರಿಗೆ ಒರಗಿಸಿ, ಮುಂದೆ ಮತ್ತು ಹಿಂದೆ ಟೇಪು ಹಿಡಿದು ಅಳೆದರೆ ವ್ಯತ್ಯಾಸವೇ ಟೋ. ಒಂದು ಮಿ.ಮೀ. ಬದಲಾದರೂ ಗೊತ್ತಾಗುತ್ತದೆ. ಹಿಂದಿನ ಚಕ್ರ ಓಡಿಸುವ ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ 1.5ರಿಂದ 3 ಮಿ.ಮೀ. ಟೋ-ಇನ್ (ಮುಂಭಾಗ ಒಳಗೆ ತಿರುಗಿರುವುದು) ಇರುತ್ತದೆ. ಆದರೆ ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಜಾಕ್ ಇಳಿಸಿದ ಮೇಲೆ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿ, ಸಸ್ಪೆನ್ಶನ್ ಕೂತ ಮೇಲೇ ಅಳೆಯಿರಿ.

ಗೇಜ್ ವಿಷಯಕ್ಕೆ ಬಂದರೆ, ಹಬ್ಬಿನ (ಚಕ್ರದ ನಡುಭಾಗದ) ಮುಖ ನುಣುಪಾಗಿಲ್ಲದಿದ್ದರೆ ಮ್ಯಾಗ್ನೆಟ್ ನೆಟ್ಟಗೆ ಕೂರುವುದಿಲ್ಲ. ಅಲಾಯ್ ಚಕ್ರಕ್ಕೆ ಅಂಟುವುದೇ ಇಲ್ಲ. ಕ್ಯಾಸ್ಟರ್ ನೋಡಲು ಚಕ್ರವನ್ನು ಎರಡೂ ಕಡೆ 20 ಡಿಗ್ರಿ ತಿರುಗಿಸಬೇಕು. ಆ ಎರಡು ಸ್ಥಾನಗಳ ಕ್ಯಾಂಬರ್ ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಸುಮಾರಾಗಿ ಕ್ಯಾಸ್ಟರ್ ಸಿಗುತ್ತದೆ. ಇದಕ್ಕೆ ಚಕ್ರದಡಿ ಸುಲಭವಾಗಿ ತಿರುಗುವ ಪ್ಲೇಟ್ ಬೇಕು, ಸೆಟ್‌ನಲ್ಲಿ ಅದನ್ನು ಕೊಟ್ಟಿಲ್ಲ! ಎರಡು ತಗಡಿನ ನಡುವೆ ಗ್ರೀಸ್ ಹಚ್ಚಿ ನಾನು ಕೆಲಸ ಸಾಗಿಸುತ್ತೇನೆ.

ಆದರೆ ಗಾಡಿ ರಸ್ತೆಯಲ್ಲಿ ನೇರ ಹೋಗದೆ ಅತ್ತಿತ್ತ ಸರಿದಾಡಿದರೆ ಸುಮ್ನೆ ಟೋ ತಿರುಗಿಸುತ್ತಾ ಕೂರಬೇಡಿ. ನನ್ನ ಕಾರಿನಲ್ಲಿ ಟೋ ಸರಿಯಾಗಿಯೇ ಇತ್ತು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಸಿಕ್ಕಿತು. ಒಬ್ಬರು ಬ್ರೇಕ್ ತುಳಿದಾಗ ಅದು ನಿಂತರೆ ಬೇರಿಂಗ್, ಆಗಲೂ ಉಳಿದರೆ ಕಿಂಗ್‌ಪಿನ್ ಕಡೆ ನೋಡಬೇಕು. ನನ್ನದು ಉಳಿಯಿತು. ಎಡ ಬಲಕ್ಕೆ ಹಿಡಿದಾಗ ಅಲ್ಲಾಡಿದರೆ ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸ್ಟಿಯರಿಂಗ್ ಕಡ್ಡಿಯ ತುದಿಯ ಕೀಲು) ನೋಡಿ. ಇವು ಸವೆದಿದ್ದರೆ ಅಳತೆ ಎಷ್ಟು ಸಲ ಸರಿ ಮಾಡಿದರೂ ನಿಲ್ಲುವುದಿಲ್ಲ, ಅಲ್ವಾ?

ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಎಳೆತ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದೇ. ಹೋಗದಿದ್ದರೆ ಆ ಕಡೆಯ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ, ಆಮೇಲೆ ಗೇಜ್ ತೆಗೆಯಿರಿ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಇನ್ನೊಂದು ಮಾತು: ಸ್ಟಿಯರಿಂಗ್ ಬಾಕ್ಸಿನ ಸ್ಕ್ರೂ ಜಾಸ್ತಿ ಬಿಗಿ ಮಾಡಿ ಸಡಿಲ ಮುಚ್ಚಲು ಹೋಗಬೇಡಿ. ಹಾಗೆ ಮಾಡಿದರೆ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ.

ಟೋ ಮಾತ್ರ ನೋಡಿಕೊಳ್ಳುವವರಿಗೆ ಪ್ಲೇಟ್‌ಗಳಷ್ಟೇ ಸಾಕು. ಗೇಜ್ ಬೇಕೇ ಬೇಕು ಅನ್ನುವವರು ಮೊದಲು ಹಬ್ಬಿನ ಮುಖ ನೋಡಿ. ಮ್ಯಾಗ್ನೆಟ್ ಕೂರದಿದ್ದರೆ ರಿಮ್ಮಿಗೆ ಹಾಕುವ ಅಡಾಪ್ಟರಿನ ದುಡ್ಡೂ ಸೇರಿಸಿ ಲೆಕ್ಕ ಹಾಕಿ.