ಬಾಟಲಿ, ಆಲಿಕೆ, ಸೆನ್ಸರ್: ಮಳೆ ಅಳೆಯಲು ಯಾವುದನ್ನು ನಂಬಬೇಕು?

ಮೂರನ್ನೂ ಒಂದೇ ಬಯಲಲ್ಲಿ, ಬಾಯಿಗಳು ಒಂದೇ ಮಟ್ಟಕ್ಕೆ ಬರುವಂತೆ ನಿಲ್ಲಿಸಿ ಮಳೆಗಾಲ ಪೂರ್ತಿ ಅಳೆದೆ. ಒಂದು, ಕತ್ತು ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ. ಇನ್ನೊಂದು, ಆಲಿಕೆ ಇರುವ ಕೈ ಮಳೆಮಾಪಕ. ಮೂರನೆಯದು, ಮೊಬೈಲಿಗೆ ಲೆಕ್ಕ ಕಳಿಸುವ ಟಿಪ್ಪಿಂಗ್ ಬಕೆಟ್.

ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನಿಂತಿದ್ದರೆ ಎಷ್ಟು ಆಳ ಇರುತ್ತಿತ್ತೋ ಅದೇ ಮಳೆಯ ಪ್ರಮಾಣ. 1 ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಆದ್ದರಿಂದ ಪಾತ್ರೆಯ ಬಾಯಿ ಅಗಲವಾದಷ್ಟೂ ಮಳೆ ಹೆಚ್ಚು ಕಾಣುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಗೋಡೆ ನೆಟ್ಟಗಿದ್ದರೆ ಲೋಟವೂ ಡ್ರಮ್ಮೂ ಒಂದೇ ಆಳ ತೋರಿಸಬೇಕು.

ಬಾಟಲಿಯ ತೊಂದರೆ ಇರುವುದೇ ಅಲ್ಲಿ. ತಳ ಉಬ್ಬುತಗ್ಗು, ಪಕ್ಕ ಡೊಂಕು. ಜಡಿಮಳೆಯ ದಿನ ಪರವಾಗಿಲ್ಲ, ತುಂತುರು ಬಿದ್ದ ದಿನ ಸ್ಕೇಲ್ ಹಿಡಿದು ಊಹಿಸುವುದಷ್ಟೇ. ಬಾಯಿ ತೆರೆದೇ ಇರುವುದರಿಂದ ಬಿಸಿಲು ಬಂದರೆ ನೀರು ಆವಿಯಾಗಿಬಿಡುತ್ತದೆ.

ಕೈ ಮಳೆಮಾಪಕದ ಜಾಣ್ಮೆ ಅದರ ಒಳಗಿನ ಕೊಳವೆಯಲ್ಲಿದೆ. ಕೊಳವೆಯ ವಿಸ್ತೀರ್ಣ ಆಲಿಕೆಯ ಬಾಯಿಯ ಹತ್ತನೇ ಒಂದರಷ್ಟು. ಹಾಗಾಗಿ 1 ಮಿ.ಮೀ. ಮಳೆಗೆ ಕೊಳವೆಯಲ್ಲಿ ನೀರು 10 ಮಿ.ಮೀ. ಏರುತ್ತದೆ, ಕನ್ನಡಕ ಮರೆತು ಹೋದರೂ ಓದಬಹುದು. ಕೊಳವೆ ತುಂಬಿ ಹೆಚ್ಚಾದದ್ದು ಹೊರಗಿನ ಪಾತ್ರೆಗೆ ಇಳಿಯುತ್ತದೆ, ಅದನ್ನು ಮತ್ತೆ ಕೊಳವೆಗೆ ಸುರಿದು ಅಳೆದು ಕೂಡಿದರಾಯಿತು. ಆಲಿಕೆ ಮುಚ್ಚಳದಂತೆಯೂ ಕೆಲಸ ಮಾಡುವುದರಿಂದ ಆವಿಯ ನಷ್ಟ ಕಡಿಮೆ. ದಿನಾ ಒಂದೇ ಹೊತ್ತಿಗೆ ಹೋಗಿ ನೋಡಬೇಕು ಅನ್ನುವುದೊಂದೇ ರಗಳೆ.

ಟಿಪ್ಪಿಂಗ್ ಬಕೆಟ್ಟಿನೊಳಗೆ ಏತದ ಹಾಗೆ ಓಲಾಡುವ ಎರಡು ಪುಟ್ಟ ಬಟ್ಟಲುಗಳಿವೆ. ನನ್ನದರಲ್ಲಿ 0.2 ಮಿ.ಮೀ. ಮಳೆಯಷ್ಟು ನೀರು ತುಂಬಿದಾಗ ಒಂದು ವಾಲುತ್ತದೆ, ಇನ್ನೊಂದು ಬಾಯೊಡ್ಡುತ್ತದೆ, ಯಂತ್ರ ಒಂದು ಎಣಿಸುತ್ತದೆ. ಇದು ಕೊಡುವ ಮಾಹಿತಿ ಬೇರೆ ಯಾವುದೂ ಕೊಡುವುದಿಲ್ಲ: ಮಳೆ ಯಾವಾಗ ಶುರುವಾಯಿತು, ಎಷ್ಟು ರಭಸದಿಂದ ಬಂತು. ಅರ್ಧ ಗಂಟೆಯಲ್ಲಿ ಸುರಿದ 20 ಮಿ.ಮೀ. ಚರಂಡಿ ಉಕ್ಕಿಸುತ್ತದೆ, ಅಷ್ಟೇ ಮಳೆ ಇಡೀ ದಿನ ಸೋನೆಯಾಗಿ ಬಿದ್ದರೆ ನೆಲ ಕುಡಿದುಬಿಡುತ್ತದೆ. ಕೈ ಮಾಪಕಕ್ಕೆ ಎರಡೂ ಒಂದೇ.

ಆದರೆ ಮಳೆ ಜೋರಾದಷ್ಟೂ ಇದರ ಲೆಕ್ಕ ಹಿಂದೆ ಬೀಳುತ್ತದೆ. ಬಟ್ಟಲು ವಾಲುವ ಕ್ಷಣದಲ್ಲಿ ಸುರಿದ ನೀರು ಎಣಿಕೆಗೆ ಸಿಗುವುದಿಲ್ಲ. ಬಿರುಮಳೆಯ ದಿನಗಳಲ್ಲೆಲ್ಲ ಇದು ಕೈ ಮಾಪಕಕ್ಕಿಂತ ಕಡಿಮೆಯನ್ನೇ ತೋರಿಸಿತು. ಎಲೆಯೋ ಜೇಡರ ಬಲೆಯೋ ರಂಧ್ರಕ್ಕೆ ಸಿಕ್ಕಿತೆಂದರೆ, ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ಮೊಬೈಲಿನಲ್ಲಿ ಸಣ್ಣ ಮಳೆ ಸುರಿಯುತ್ತಲೇ ಇರುತ್ತದೆ!

ಗಾಳಿ ಮಾತ್ರ ಮೂರಕ್ಕೂ ಶತ್ರು. ಬಾಯಿಯ ಸುತ್ತ ಸುಳಿದು ಹನಿಗಳನ್ನು ಆಚೆಗೆ ಒಯ್ಯುತ್ತದೆ. ಗೋಡೆ, ಮರಗಳು ಮಾಪಕಕ್ಕಿಂತ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇಡಿ.

ಒಂದನ್ನೇ ಕೊಳ್ಳುವುದಾದರೆ ನನ್ನ ಮತ ಕೈ ಮಾಪಕಕ್ಕೆ. ಸೆನ್ಸರೇ ಬೇಕೆಂದರೆ ಮೊದಲು ಪರೀಕ್ಷಿಸಿ: ಬಾಯಿಯ ವ್ಯಾಸ 20 ಸೆಂ.ಮೀ. ಇದ್ದರೆ, 628 ಮಿ.ಲೀ. ನೀರನ್ನು ಹನಿಹನಿಯಾಗಿ ಬಿಟ್ಟಾಗ ಅದು 20 ಮಿ.ಮೀ. ತೋರಿಸಬೇಕು.